ಬಸವಪ್ಪನ ಉರಿಯ ಮೇಲೆ ಮೊಟ್ಟೆ

ಆಲದಪಾಳ್ಯದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಚೌಡೇಶ್ ಮೇಷ್ಟ್ರಿಗೆ ಇದ್ದದ್ದು ಒಂದೇ ಆಸೆ. ತಾವು ಹೇಳಿದ ಪಾಠವನ್ನು ಯಾರಾದರೂ ಒಬ್ಬರು ನಂಬಬೇಕು. ಉರು ಹೊಡೆಯುವುದಲ್ಲ, ನಂಬುವುದು. ಉರು ಹೊಡೆಯುವುದರಲ್ಲಿ ಆ ಊರಿನ ಮಕ್ಕಳು ಯಾರಿಗೂ ಕಡಿಮೆ ಇರಲಿಲ್ಲ. ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು, ಅಂಕ ಗಿಟ್ಟಿಸಿ, ಹೊರಗೆ ಬಂದು ಹೊತ್ತು ಮುಳುಗಿತು ಅಂದುಕೊಂಡು ಮನೆಗೆ ಹೋಗುತ್ತಿದ್ದರು. ಮೇಷ್ಟ್ರು ದಿನಾ ಯಳಂದೂರಿನಿಂದ ಬೈಕಿನಲ್ಲಿ ಬಂದು, ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ ಪಾಠ ಸುರಿದು, ಸಂಜೆ ಆ ಒಣಕಲ್ಲುಗಳನ್ನು ಇದ್ದ ಹಾಗೆಯೇ ಬಿಟ್ಟು ವಾಪಸಾಗುತ್ತಿದ್ದರು. ಇಂಥ ಮನುಷ್ಯನಿಗೆ ದೇವರು ಕೊನೆಗೊಂದು ದಿನ ನಂಬುವ ಮಕ್ಕಳನ್ನು ಕೊಟ್ಟ. ದೇವರು ಕೊಡುವಾಗ ಕೈ ಬಿಗಿಹಿಡಿದು ಕೊಡುವುದಿಲ್ಲವಲ್ಲ, ಮಕ್ಕಳ ಜೊತೆಗೆ ಊರನ್ನೂ ಸೇರಿಸಿ ಕೊಟ್ಟ.

ಆ ವರ್ಷ ಒಂಬತ್ತನೇ ತರಗತಿಗೆ ಶಕ್ತಿಯ ಪಾಠ ಬಂದಾಗ ಮೇಷ್ಟ್ರು ಪುಸ್ತಕ ಮುಚ್ಚಿಟ್ಟು ಅಡುಗೆಮನೆಗೆ ನಡೆದರು. ಬಿಸಿಯೂಟ ಮಾಡುವ ಕೆಂಪಾಜಮ್ಮನ ಹತ್ತಿರ ಒಂದು ರುಬ್ಬುಗುಂಡು ಇತ್ತು. ಮಿಕ್ಸಿ ಬಂದಮೇಲೆ ಅದು ಮೂಲೆ ಸೇರಿತ್ತು. ಅದನ್ನು ಕೇಳಿ ತಂದು, ನೀರು ಸೇದುವ ಹಗ್ಗದಲ್ಲಿ ಬಿಗಿದು, ಅಂಗಳದ ಬೇವಿನ ಕೊಂಬೆಗೆ ತೂಗುಹಾಕಿದರು. ಮಕ್ಕಳನ್ನು ಸುತ್ತ ನಿಲ್ಲಿಸಿ, ಗುಂಡನ್ನು ಎಳೆದುಕೊಂಡು ಹಿಂದಕ್ಕೆ ಹೋಗಿ, ತಮ್ಮ ಮೂಗಿನ ತುದಿಗೆ ತಾಗಿಸಿ ಹಿಡಿದು, ಮೆಲ್ಲಗೆ ಬಿಟ್ಟರು. ನೂಕಲಿಲ್ಲ, ಬಿಟ್ಟರು ಅಷ್ಟೆ. ಗುಂಡು ಬೀಸಿಕೊಂಡು ಆ ಕಡೆಗೆ ಹೋಗಿ, ಹೋದಷ್ಟೇ ರಭಸದಲ್ಲಿ ಮೇಷ್ಟ್ರ ಮುಖಕ್ಕೆ ವಾಪಸು ಬಂತು. ಕೆಲವು ಮಕ್ಕಳು ಕಣ್ಣು ಮುಚ್ಚಿಕೊಂಡರು, ಕೆಲವರು ಆಸೆಯಿಂದ ಕಣ್ಣು ಅರಳಿಸಿದರು. ಮೇಷ್ಟ್ರು ರೆಪ್ಪೆ ಬಡಿಯಲಿಲ್ಲ. ಗುಂಡು ಅವರ ಮೂಗಿಗೆ ಒಂದು ಬೆರಳು ದೂರದಲ್ಲಿ ನಿಂತು, ಹಿಂದಿರುಗಿ ಹೋಯಿತು.

ಅದು ಬಿಟ್ಟ ಜಾಗ ದಾಟಿ ಯಾಕೆ ಬರಲಿಲ್ಲ ಗೊತ್ತೇ, ಎಂದು ಮೇಷ್ಟ್ರು ಕೇಳಿ, ಉತ್ತರವನ್ನೂ ತಾವೇ ಹೇಳಿದರು. ಶಕ್ತಿ ಹೊಸದಾಗಿ ಹುಟ್ಟುವುದಿಲ್ಲ. ಸಾಯುವುದೂ ಇಲ್ಲ. ಒಂದು ರೂಪ ಬಿಟ್ಟು ಇನ್ನೊಂದು ರೂಪಕ್ಕೆ ಹೋಗುತ್ತದೆ. ಬಿಸಿಲಿನದು ಹುಲ್ಲಿಗೆ, ಹುಲ್ಲಿನದು ದನಕ್ಕೆ, ದನದ್ದು ಗೊಬ್ಬರಕ್ಕೆ. ಮುಂದಿನ ಸಾಲಿನಲ್ಲಿದ್ದ ಇಂಚರ ಎಂಬ ಹುಡುಗಿ, ನಿಜವಾಗಲೂ ಅದು ಯಾವತ್ತೂ ಸಾಯುವುದಿಲ್ಲವೇ ಎಂದು ಕೇಳಿದಳು. ಅವಳು ಕೇಳಿದ ರೀತಿಯಲ್ಲೇ ಮೇಷ್ಟ್ರಿಗೆ ಗೊತ್ತಾಯಿತು, ಇವಳು ನಂಬಿದಳು. ಅವಳ ಪಕ್ಕದವಳೂ ನಂಬಿದಳು. ಗುಂಡು ನೋಡಿದವರೆಲ್ಲ ನಂಬಿದ್ದರು. ಮೇಷ್ಟ್ರು, ಎಂದೆಂದಿಗೂ ಸಾಯುವುದಿಲ್ಲ ಎಂದು ಹೇಳಿ, ಇವತ್ತಿನ ಪಾಠವನ್ನು ಮನೆಯಲ್ಲಿ ಹಿರಿಯರಿಗೆ ಹೇಳಿಕೊಡುವುದೇ ನಿಮ್ಮ ಮನೆಗೆಲಸ ಎಂದು ಸೇರಿಸಿದರು. ಆ ಕೊನೆಯ ಮಾತು ಆಡದಿದ್ದರೆ ಮುಂದಿನ ಯಾವ ತಾಪತ್ರಯವೂ ಇರುತ್ತಿರಲಿಲ್ಲ.

ಯಾಕೆಂದರೆ ಇಂಚರಳ ತಾತ ಗುರುಸಿದ್ದಯ್ಯ. ಗುರುಸಿದ್ದಯ್ಯ ಅಂದರೆ ಊರ ಬಸವಪ್ಪನನ್ನು ನೋಡಿಕೊಳ್ಳುವವರು. ಬಸವಪ್ಪ ಅಂದರೆ ದೇವರ ಹೆಸರಿನಲ್ಲಿ ಬಿಟ್ಟ ಬಿಳಿಯ ಬಸವ. ಅವನಿಗೆ ಮೂಗುದಾರವಿಲ್ಲ, ಗೂಟವಿಲ್ಲ. ಯಾರ ಹೊಲದಲ್ಲಿ ಮೇದರೂ ಆ ಮನೆಯವರು ಕೈಮುಗಿಯುತ್ತಾರೆ. ಊರಿನ ನ್ಯಾಯವೆಲ್ಲ ಅವನದೇ. ಬದುವಿನ ಜಗಳವೋ, ಹೆಣ್ಣು ಕೊಡುವ ಮಾತೋ, ಕೇಳುವವನು ಬಸವಪ್ಪನ ಮುಂದೆ ಮಂಡಿಯೂರಿ, ಎರಡು ಅಂಗೈಯನ್ನೂ ನೆಲಕ್ಕೆ ಚಾಚಬೇಕು. ಮಾತು ನಿಜವಾಗಿದ್ದರೆ ಬಸವಪ್ಪ ಮುಂಗಾಲು ಎತ್ತಿ ಬಲ ಅಂಗೈ ಮೇಲೆ ಹೂವಿಟ್ಟ ಹಾಗೆ ಇಡುತ್ತಾನೆ. ಸುಳ್ಳಾಗಿದ್ದರೆ ಮುಖ ತಿರುಗಿಸಿ ಹೊರಟುಹೋಗುತ್ತಾನೆ. ವಕೀಲರ ಖರ್ಚಿಲ್ಲ, ಮುಂದಿನ ತಾರೀಖಿಲ್ಲ. ಹೂವಿಟ್ಟ ಹಾಗೆ ಎಂಬುದು ಕಾಲು ಇಡಿಸಿಕೊಂಡವರ ಮಾತು. ಆಮೇಲೆ ಅವರು ಒಂದು ವಾರ ಎಡಗೈಯಲ್ಲಿ ಊಟ ಮಾಡುವುದನ್ನು ಊರು ನೋಡದ ಹಾಗೆ ನಟಿಸುತ್ತದೆ.

ಅದೇ ಸಮಯಕ್ಕೆ ಶಾಲೆಗೆ ಒಂದು ಗೋಬರ್ ಗ್ಯಾಸ್ ಮಂಜೂರಾಯಿತು. ಮಕ್ಕಳು ಸಗಣಿ ಬಗ್ಗಡ ಕಲಸಿ ಸುರಿಯಬೇಕು, ಹುಟ್ಟಿದ ಗ್ಯಾಸಿನಲ್ಲಿ ಬಿಸಿಯೂಟ ಬೇಯಬೇಕು, ಹಾಗೆ ನವೀಕರಿಸಬಹುದಾದ ಇಂಧನದ ಪಾಠ ಮಾಡಬೇಕು ಎಂಬುದು ಏರ್ಪಾಡು. ಹೆಡ್ಮಾಸ್ಟರ್ ವೃಷಭೇಂದ್ರಪ್ಪನವರಿಗೆ ಪಾಠಕ್ಕಿಂತ ಬೋರ್ಡುಗಳ ಮೇಲೆ ಪ್ರೀತಿ. ಗುಂಡಿ ತೋಡುವ ಮೊದಲೇ ಪೇಂಟರನ್ನು ಕರೆಸಿ, ‘ಹೊಗೆ ಮುಕ್ತ, ಸಿಲಿಂಡರ್ ಮುಕ್ತ ಶಾಲೆ’ ಎಂದು ಗೇಟಿನ ಮೇಲೆ ಬರೆಸಿದರು. ಗುಂಡಿಯೂ ಆಯಿತು, ಗುಮ್ಮಟವೂ ಆಯಿತು. ಸಗಣಿ ಮಾತ್ರ ಒಬ್ಬರೂ ಕೊಡಲಿಲ್ಲ. ನಮ್ಮ ತಿಪ್ಪೆಗೇ ಸಾಲದು, ಶಾಲೆಗೆಲ್ಲಿಂದ ತರೋಣ ಎಂದು ಪ್ರತಿ ಮನೆಯಿಂದಲೂ ಮಕ್ಕಳನ್ನು ಖಾಲಿ ಬುಟ್ಟಿಯೊಂದಿಗೆ ವಾಪಸು ಕಳಿಸಿದರು.

ಆಗ ಚೌಡೇಶ್ ಮೇಷ್ಟ್ರಿಗೆ ಒಂದು ಯೋಚನೆ ಹೊಳೆಯಿತು. ಗುರುಸಿದ್ದಯ್ಯನವರ ಮನೆಗೆ ಹೋಗಿ, ಜಗುಲಿಯಲ್ಲಿ ಕೂತು, ಒಳ್ಳೆಯ ಕೆಲಸಕ್ಕೆ ಮೊದಲ ಬುಟ್ಟಿ ಬಸವಪ್ಪನದೇ ಆಗಲಿ ಎಂದು ಕೇಳಿಕೊಂಡರು. ಮುದುಕರಿಗೆ ಕಣ್ಣು ತುಂಬಿತು. ಇಷ್ಟು ಮರ್ಯಾದೆ ಗೊತ್ತಿರುವ ಮೇಷ್ಟ್ರು ಈ ಊರಿಗೆ ಬಂದೇ ಇಲ್ಲ ಅಂದರು. ಮಾರನೆಯ ದಿನ ತಮಟೆ ಬಡಿಸಿಕೊಂಡು ಬಸವಪ್ಪನ ಸಗಣಿ ಬಂತು. ಹೂವು ಏರಿಸಿ ಗುಂಡಿಗೆ ಬಿಟ್ಟರು. ಬಸವಪ್ಪನದು ಬಿದ್ದ ಗುಂಡಿಗೆ ನಮ್ಮದೊಂದು ಬುಟ್ಟಿ ಬೀಳದಿದ್ದರೆ ಹೇಗೆ ಎಂದು ಇಡೀ ಊರು ಸಾಲುಗಟ್ಟಿತು. ಮೇಷ್ಟ್ರು ಅಂದು ತಮ್ಮ ಜಾಣತನಕ್ಕೆ ತಾವೇ ಬೆನ್ನು ತಟ್ಟಿಕೊಂಡರು.

ಕೆಲವು ವಾರ ಕಳೆದಮೇಲೆ ಕೆಂಪಾಜಮ್ಮ ಕಡ್ಡಿ ಗೀರಿದಳು. ಒಲೆಯ ತುಂಬ ನೀಲಿ ಉರಿ ಅರಳಿತು. ಮಕ್ಕಳು ಕುಣಿದರು. ವೃಷಭೇಂದ್ರಪ್ಪನವರು ಶಾಲೆಯ ಸಿಲಿಂಡರುಗಳಿಗೆ ಹಾರ ಹಾಕಿ, ಫೋಟೋ ಹಿಡಿಸಿ, ಗ್ಯಾಸ್ ಕನೆಕ್ಷನ್ನನ್ನೇ ವಾಪಸು ಮಾಡಿ ಬಂದರು. ಸ್ವಲ್ಪ ದಿನ ಒಂದನ್ನಾದರೂ ಇಟ್ಟುಕೊಳ್ಳೋಣ ಎಂದು ಚೌಡೇಶ್ ಹೇಳಿದ್ದಕ್ಕೆ, ಬೋರ್ಡು ಬರೆದಾಗಿದೆಯಲ್ಲ ಎಂದು ಅವರು ಕೇಳಿದರು.

ಮೊದಲನೇ ದಿನ ಅನ್ನ ಸಾರು ಬೆಂದವು. ಎರಡನೇ ದಿನ ಮೊಟ್ಟೆಯ ಸರದಿ. ಕೆಂಪಾಜಮ್ಮ ದೊಡ್ಡ ಪಾತ್ರೆಗೆ ನೀರು ತುಂಬಿ ಮೊಟ್ಟೆ ಜೋಡಿಸುತ್ತಿರುವಾಗ ಗುರುಸಿದ್ದಯ್ಯ ಬಾಗಿಲಲ್ಲಿ ಬಂದು ನಿಂತರು. ಕೂಗಾಡುವ ಮನುಷ್ಯರಲ್ಲ ಅವರು. ಮೇಷ್ಟ್ರನ್ನು ಕರೆಸಿ, ಮೆತ್ತಗೆ ಮಾತು ತೆಗೆದರು.

“ಸಾ, ನಮ್ ಇಂಚರ ದಿನಾ ಪಾಠ ಏಳ್ಕೊಡ್ತಾಳ, ನಾನು ಕುಂತ್ಕಂಡು ಕೇಳ್ತೀನಿ. ಬಸಪ್ಪ ಮೇದ ಹುಲ್ಲಲ್ಲಿ ಸಕ್ತಿ ಇತ್ತು. ಅದು ಅವನ ಮೈಗ್ ಬಂತು. ಮೈಯಿಂದ ಸಗಣಿಗ್ ಬಂತು, ಸಗಣಿಯಿಂದ ಗ್ಯಾಸಿಗ್ ಬಂತು. ಎಲ್ಲೂ ಸಾಯ್ನಿಲ್ಲ ತಾನೇ?”

“ಎಲ್ಲೂ ಸಾಯಲಿಲ್ಲ,” ಅಂದರು ಮೇಷ್ಟ್ರು.

“ಅಂಗಾರ ಈಗ ಒಲೇಲಿ ಉರೀತಾ ಇರೋರು ಯಾರು ಸಾ?”

ಇಲ್ಲಿ ಒಂದು ಮಾತು ಹೇಳಬೇಕು. ಆ ಕ್ಷಣ ಚೌಡೇಶ್ ಮೇಷ್ಟ್ರಿಗೆ ಆದದ್ದು ಗಾಬರಿಯಲ್ಲ, ಆನಂದ. ಶಕ್ತಿಯ ಸರಪಳಿಯನ್ನು ಒಂದು ಕೊಂಡಿಯೂ ತಪ್ಪದ ಹಾಗೆ ಹೇಳಿದವರನ್ನು ತಮ್ಮ ಕೆಲಸದ ಬದುಕಿನಲ್ಲೇ ಅವರು ಕಂಡಿರಲಿಲ್ಲ. ಮುದುಕರ ಕೈ ಕುಲುಕಿ ಪೂರ್ತಿ ಅಂಕ ಕೊಡಬೇಕು ಅನ್ನಿಸಿತು. ಗುರುಸಿದ್ದಯ್ಯ ಒಲೆಗೆ ಕೈಮುಗಿದು, ಪಾತ್ರೆಯಿಂದ ಮೊಟ್ಟೆಗಳನ್ನು ಒಂದೊಂದಾಗಿ ತೆಗೆದು ಕೆಂಪಾಜಮ್ಮನ ಮಡಿಲಿಗೆ ಹಾಕುತ್ತಿರುವುದು ಕಂಡಮೇಲೆಯೇ ಮೇಷ್ಟ್ರು ನೆಲಕ್ಕಿಳಿದದ್ದು.

ಅಂದಿನಿಂದ ಅಡುಗೆಮನೆ ಗುಡಿಯಾಯಿತು. ಚಪ್ಪಲಿ ಹೊರಗೆ ಉಳಿದವು. ಬಾಗಿಲಿಗೆ ಯಾರೋ ಗಂಟೆ ಕಟ್ಟಿದರು. ಹೊಸದಾಗಿ ಮದುವೆಯಾದವರು ಬಂದು ರೆಗ್ಯುಲೇಟರಿಗೆ ಅರಿಶಿನ ಕುಂಕುಮ ಇಟ್ಟು ಹೋದರು. ಕೆಂಪಾಜಮ್ಮ ತಲೆಗೆ ಸ್ನಾನ ಮಾಡದೆ ಸಾರಿಗೆ ಒಗ್ಗರಣೆ ಹಾಕುವ ಹಾಗಿಲ್ಲ ಎಂದಾಯಿತು. ಮೊಟ್ಟೆಯ ಬದಲು ಮಕ್ಕಳಿಗೆ ಬಾಳೆಹಣ್ಣು ಕೊಡಿಸುವುದಕ್ಕೆ ಊರವರೇ ಧಾರಾಳವಾಗಿ ಒಪ್ಪಿ, ಗೊನೆಗಟ್ಟಲೆ ಹಣ್ಣು ತಂದು ವರಾಂಡದಲ್ಲಿ ಒಟ್ಟಿದರು. ಅವರನ್ನು ಕೆಟ್ಟವರು ಎನ್ನುವ ಹಾಗೂ ಇರಲಿಲ್ಲ.

ಸುಮ್ಮನಿರಲು ಮೇಷ್ಟ್ರಿಂದಾಗಲಿಲ್ಲ. ಒಂದು ಪೆಟ್ಟಿಗೆಗೆ ಒಳಗೆಲ್ಲ ಕಪ್ಪು ಬಳಿದು, ಮೇಲೆ ಗಾಜು ಹೊದಿಸಿ, ಮಕ್ಕಳಿಂದಲೇ ಬಿಸಿಲೊಲೆ ಮಾಡಿಸಿ ಅಂಗಳದಲ್ಲಿ ಇಟ್ಟರು. ಮೊಟ್ಟೆ ಬೇಯುವ ಮುಂಚೆಯೇ ಗುರುಸಿದ್ದಯ್ಯ ಬಂದರು. ಬೆಳಗೆದ್ದು ನಾವು ಕೈಮುಗಿಯುವುದು ಯಾರಿಗೆ ಸಾ, ಎಂದು ಕೇಳಿ ಆಕಾಶ ತೋರಿಸಿದರು. ಸರಿ, ಮನೆಯಿಂದ ಕರೆಂಟಿನ ಒಲೆ ತಂದದ್ದಾಯಿತು. ಈ ಕಡೆಗೆ ಕರೆಂಟು ಮೊದಲು ಬಂದದ್ದು ಶಿವನಸಮುದ್ರದಿಂದ, ಅದನ್ನು ಹುಟ್ಟಿಸಿದ್ದು ಕಾವೇರಿ, ಅದನ್ನೂ ನೀವೇ ಮಕ್ಕಳಿಗೆ ಹೇಳಿದ್ದೀರಿ ಎಂದರು ಗುರುಸಿದ್ದಯ್ಯ. ಕಾವೇರಿ ತಾಯಿಯ ಮೇಲೆ ಮೊಟ್ಟೆ ಬೇಯಿಸುವ ಗಂಡಸು ಯಾರಿದ್ದಾನೆ ಮುಂದೆ ಬರಲಿ ಎಂದು ಅವರ ಜೊತೆಗೆ ಬಂದವರು ಸೇರಿಸಿದರು. ಗಾಳಿಯ ಹೆಸರು ಎತ್ತಲೇ ಇಲ್ಲ ಮೇಷ್ಟ್ರು. ವಾಯುಪುತ್ರನ ಗುಡಿ ಶಾಲೆಯ ಎದುರಿಗೇ ಇತ್ತು.

ಕೊನೆಗೆ ಊರು ಕೂತು ಲೆಕ್ಕ ಹಾಕಿ ಒಂದು ತೀರ್ಮಾನಕ್ಕೆ ಬಂತು. ಮುಗಿಯದ ಇಂಧನ ಎಂದು ಮೇಷ್ಟ್ರು ಹೇಳಿಕೊಟ್ಟದ್ದೆಲ್ಲ ದೇವರು. ಮುಗಿದುಹೋಗುವ ಇಂಧನ ಮಾತ್ರ ದೇವರಲ್ಲ. ಡೀಸೆಲ್ಲಿಗೆ ಗುಡಿ ಕಟ್ಟಿದವರಿಲ್ಲ. ಆದ್ದರಿಂದ ಮೊಟ್ಟೆಯನ್ನು ಡೀಸೆಲ್ಲಿನಲ್ಲಿ ಬೇಯಿಸಿಕೊಳ್ಳಬಹುದು, ನಮ್ಮ ಅಡ್ಡಿ ಇಲ್ಲ. ಸೌದೆಯಲ್ಲಾದರೂ ಬೇಯಿಸುತ್ತೇನೆ ಎಂದು ಕೆಂಪಾಜಮ್ಮ ಅಂಗಳದಲ್ಲಿ ಮೂರು ಕಲ್ಲು ಹೂಡಿದಳು. ಹೊಗೆ ಎದ್ದ ಕೂಡಲೇ ವೃಷಭೇಂದ್ರಪ್ಪನವರು ಓಡಿಬಂದು, ಬೋರ್ಡು ಬೋರ್ಡು ಎಂದು ಬಡಬಡಿಸುತ್ತ ನೀರು ಹೊಯ್ದು ಆರಿಸಿದರು. ಹೊಸ ಸಿಲಿಂಡರಿಗೆ ಅರ್ಜಿ ಹಾಕೋಣ ಎಂದರೆ, ಮುಕ್ತವಾಗಿದ್ದೇವೆ ಎಂದು ಬರೆದುಕೊಟ್ಟವರು ಈಗ ಯಾವ ಮುಖದಲ್ಲಿ ಕೇಳುವುದು ಎಂದು ಕೈ ಅಲ್ಲಾಡಿಸಿಬಿಟ್ಟರು.

ಇದೆಲ್ಲದರ ನಡುವೆ ಮಕ್ಕಳು ಬಾಳೆಹಣ್ಣು ತಿಂದರು. ಮೊದಮೊದಲು ಕೇಳದೆ ಎರಡೆರಡು ಕೊಟ್ಟಾಗ ಖುಷಿಯಾಗಿತ್ತು. ಆಮೇಲೆ ತಟ್ಟೆಯ ಪಕ್ಕದಲ್ಲೇ ಬಿಟ್ಟು ಏಳತೊಡಗಿದರು. ಎಲ್ಲರಿಗಿಂತ ಹೆಚ್ಚು ಕಷ್ಟ ಇಂಚರಳದು. ಮನೆಯಲ್ಲಿ ಮೊಟ್ಟೆ ಮುಟ್ಟುವವರಿಲ್ಲ, ಹಾಗಾಗಿ ಅವಳು ಮನೆಯ ಲೆಕ್ಕದಲ್ಲಿ ಮೊದಲಿನಿಂದಲೂ ಬಾಳೆಹಣ್ಣಿನವಳು, ಶಾಲೆಯ ಲೆಕ್ಕದಲ್ಲಿ ಮೊಟ್ಟೆಯವಳು. ತಾತ ಊರಿಗೆಲ್ಲ ಅವಳ ಪಾಠದ ಕೀರ್ತಿ ಹಾಡುತ್ತಿದ್ದರು. ಅದೇ ಪಾಠ ಅವಳ ತಟ್ಟೆಯಿಂದ ಮೊಟ್ಟೆ ಎತ್ತಿಕೊಂಡು ಹೋಗಿತ್ತು, ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿರಲಿಲ್ಲ. ಆದರೂ ಅವಳು ಒಂದು ದಿನವೂ ಪಾಠ ತಪ್ಪು ಎನ್ನಲಿಲ್ಲ. ಮೇಷ್ಟ್ರು ಅದನ್ನು ಗಮನಿಸಿದ್ದರು.

ಕೆಂಪಾಜಮ್ಮ ಮಾತ್ರ ಬಿಡಲಿಲ್ಲ. ಒಂದು ಮಧ್ಯಾಹ್ನ ಸೌಟು ಹಿಡಿದುಕೊಂಡೇ ಸ್ಟಾಫ್ ರೂಮಿಗೆ ಬಂದಳು.

“ನಿಮ್ ನೇಮ ಗೀಮ ನಂಗೊತ್ತಿಲ್ಲ ಸಾ. ಕೂಲಿಗೋಗೋರ ಮನ ಮಕ್ಳು ಇವು, ಮೊಟ್ಟ ಕಾಣದೇನೂ ಎಂಗೋ ಇದ್ದೋ. ಕೊಟ್ಟು ರುಚಿ ಅತ್ತಿಸಿ ಈಗ ಕಿತ್ಕಂಡ್ರ ಎಂಗ? ನೀವಾಡಿದ ಮಾತಿಂದ ಓಗಿರೋದು, ನಿಮ್ ಮಾತಿಂದ್ಲೇ ಬರಬೇಕು.”

ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಿ ಎಂದು ಅವಳು ಹೇಳಿದ್ದಷ್ಟೆ. ವೃಷಭೇಂದ್ರಪ್ಪನವರ ಸಲಹೆಯೂ ಅದೇ ಆಗಿತ್ತು. ವಿಷಯ ಬಸವಪ್ಪನ ಮುಂದೆ ಇಡುವುದೆಂದು ಊರು ನಿಶ್ಚಯಿಸಿತ್ತು. ಅಲ್ಲಿ ಮೇಷ್ಟ್ರು ನಿಂತು, ಉರಿದಮೇಲೆ ಶಕ್ತಿ ಸತ್ತುಹೋಗುತ್ತದೆ, ಆದ್ದರಿಂದ ಒಲೆಯಲ್ಲಿ ಬಸವಪ್ಪನಿಲ್ಲ ಎಂದುಬಿಟ್ಟರೆ ಆಯಿತು. ಒಂದು ಮಾತು. ಆಡಿದರೆ ನಿಮ್ಮ ಗಂಟೇನು ಹೋಗುತ್ತದೆ ಎಂದು ಹೆಡ್ಮಾಸ್ಟರು ಕೇಳಿದರು.

ಅಂದು ಸಂಜೆ ಯಳಂದೂರಿಗೆ ಹೋಗುವ ದಾರಿಯಲ್ಲಿ, ಕುಂತೂರಿನ ಕಡೆಗೆ ಕಬ್ಬು ಹೊತ್ತ ಟ್ರಾಕ್ಟರಿನ ಹಿಂದೆ ಸಿಕ್ಕಿಕೊಂಡು ನಿಧಾನಕ್ಕೆ ಬೈಕು ಓಡಿಸುತ್ತ ಮೇಷ್ಟ್ರು ಅದನ್ನೇ ಯೋಚಿಸಿದರು. ಹೋಗುವ ಗಂಟು ಇತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ನಂಬಿದ ಮಕ್ಕಳು ಅವು. ಆ ಮಕ್ಕಳ ಕಣ್ಣೆದುರಿಗೇ ಪಾಠವನ್ನು ಸುಳ್ಳು ಎನ್ನಬೇಕು. ಎನ್ನದಿದ್ದರೆ ಅದೇ ಮಕ್ಕಳಿಗೆ ಮೊಟ್ಟೆ ಇಲ್ಲ. ಯಾವ ಕಡೆಯಿಂದ ತೂಗಿದರೂ ತಕ್ಕಡಿಯಲ್ಲಿ ಕೂತಿದ್ದವು ಅವೇ ಮಕ್ಕಳು. ಮನೆ ಮುಟ್ಟುವ ಹೊತ್ತಿಗೆ ಅವರು, ನಿಯಮಕ್ಕೆ ಹೊಟ್ಟೆಯಿಲ್ಲ, ಮಕ್ಕಳಿಗೆ ಇದೆ ಎಂದು ಮನಸ್ಸನ್ನು ಗಟ್ಟಿಮಾಡಿಕೊಂಡಿದ್ದರು.

ನ್ಯಾಯದ ದಿನ ಶಾಲೆಯ ಅಂಗಳ ಊರಿನಿಂದ ತುಂಬಿತು. ಮಕ್ಕಳನ್ನು ಪ್ರಾರ್ಥನೆಗೆ ಕೂರಿಸಿದ ಹಾಗೆ ಸಾಲಾಗಿ ಕೂರಿಸಿದ್ದರು. ಒಂದು ಮೇಜಿನ ಮೇಲೆ ಮೊಟ್ಟೆಯ ಟ್ರೇಗಳು, ಅವುಗಳ ಪಕ್ಕದಲ್ಲಿ ಅವತ್ತಿನ ಬಾಳೆಹಣ್ಣು. ಕೊಳ್ಳೇಗಾಲದ ರೇಷ್ಮೆ ಶಾಲು ಹೊದ್ದು, ಕೊಂಬಿಗೆ ಕುಚ್ಚು ಕಟ್ಟಿಸಿಕೊಂಡು, ಗಂಟೆ ಅಲ್ಲಾಡಿಸುತ್ತ ಬಸವಪ್ಪ ಬಂದ. ಗೇಟಿನ ಬೋರ್ಡಿಗೆ ಮೈ ಉಜ್ಜಿ, ‘ಸಿಲಿಂಡರ್ ಮುಕ್ತ’ ಎಂಬುದರಲ್ಲಿ ಸಿಲಿಂಡರನ್ನು ಅರ್ಧ ಅಳಿಸಿ ಒಳಗೆ ನಡೆದ. ವೃಷಭೇಂದ್ರಪ್ಪನವರಿಗೆ ಕೈಮುಗಿಯಬೇಕೋ ಅಳಬೇಕೋ ತಿಳಿಯಲಿಲ್ಲ.

ಗುರುಸಿದ್ದಯ್ಯ ಎಲ್ಲರನ್ನೂ ಸುಮ್ಮನಿರಿಸಿ, ಬಸವಪ್ಪನನ್ನು ಕೇಳುವ ಮುಂಚೆ ಕಲಿಸಿದವರನ್ನೇ ಕೇಳುವುದು ಧರ್ಮ ಎಂದರು. ಆಮೇಲೆ ಮೇಷ್ಟ್ರ ಕಡೆಗೆ ತಿರುಗಿದರು.

“ಏಳಿ ಸಾ. ಉರುದ್ ಮ್ಯಾಲ ಆ ಸಕ್ತಿ ಇರ್ತದೋ, ಸಾಯ್ತದೋ?”

ಇಂಚರ ಮುಂದಿನ ಸಾಲಿನಲ್ಲೇ ಇದ್ದಳು. ಮೇಷ್ಟ್ರು ಅವಳ ಕಡೆ ನೋಡದೆ ಬಾಳೆಹಣ್ಣನ್ನು ನೋಡುತ್ತ ಹೇಳಿದರು.

“ಸಾಯುತ್ತೆ. ಉರಿದಮೇಲೆ ಏನೂ ಉಳಿಯಲ್ಲ. ಆ ನಿಯಮ ಪರೀಕ್ಷೆಗೆ ಮಾತ್ರ.”

“ಅಂಗಾರ ಮಕ್ಳಿಗ ಸುಳ್ಳು ಏಳ್ಕೊಟ್ರಾ ಸಾ?”

“ಹೂಂ,” ಅಂದರು ಚೌಡೇಶ್ ಮೇಷ್ಟ್ರು.

ಮುದುಕರ ಮುಖ ಸಣ್ಣದಾಯಿತು. ಗೆದ್ದವರ ಮುಖವಾಗಿರಲಿಲ್ಲ ಅದು. ಅವರೂ ಮೊಮ್ಮಗಳ ಹತ್ತಿರ ಕೂತು ಕಲಿತವರೇ ತಾನೆ. ಹಾಗಾದರೆ ಅದನ್ನೇ ಬಸವಪ್ಪನ ಮುಂದೆ ಹೇಳಿ ಎಂದಷ್ಟೇ ಹೇಳಿ ಪಕ್ಕಕ್ಕೆ ಸರಿದರು. ಮೇಷ್ಟ್ರು ಪ್ಯಾಂಟು ಮಣ್ಣಾಗುವ ಹಾಗೆ ಮಂಡಿಯೂರಿ, ಎರಡು ಅಂಗೈಯನ್ನೂ ನೆಲಕ್ಕೆ ಚಾಚಿ, ಶಕ್ತಿ ಸಾಯುತ್ತದೆ ಎಂದು ಇನ್ನೊಮ್ಮೆ ಹೇಳಿದರು. ವಿಜ್ಞಾನದ ಪದವಿ ಪಡೆದ ದಿನ ಇಂಥದ್ದೊಂದು ಪರೀಕ್ಷೆಗೆ ಕೂರಬೇಕಾದೀತು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಬಸವಪ್ಪ ಹತ್ತಿರ ಬಂದ. ಅಂಗೈ ಮೂಸಿದ. ಬಿಸಿಯುಸಿರು ಬೆರಳಿಗೆ ತಾಗಿತು. ಮೇಷ್ಟ್ರು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಕಾಲು ಇಡು ತಂದೆ, ಮೂಳೆ ಮುರಿದರೂ ಸರಿ ಎಂದು ಬೇಡಿಕೊಂಡರು. ಬಸವಪ್ಪ ಕಾಲು ಎತ್ತಲಿಲ್ಲ. ಮುಖ ತಿರುಗಿಸಿ, ಅವರನ್ನು ಬಳಸಿಕೊಂಡು ಮುಂದೆ ಹೋಗಿ, ಮೇಜಿನ ಮೇಲಿದ್ದ ಬಾಳೆಹಣ್ಣಿಗೆ ಬಾಯಿ ಹಾಕಿದ. ತಡೆಯುವವರು ಯಾರು? ಸಿಪ್ಪೆ ಸಮೇತ, ತೊಟ್ಟು ಸಮೇತ, ಒಂದೂ ಉಳಿಯದ ಹಾಗೆ ತಿಂದ. ಆಮೇಲೆ ಮೊಟ್ಟೆಯ ಟ್ರೇಯನ್ನು ಮೂಸಿ, ಒಮ್ಮೆ ಸೀನಿ, ಅದನ್ನು ಮುಟ್ಟದೆ ಹೊರಟು, ಅಂಗಳದ ನಡುವೆ ಎಲ್ಲರ ಎದುರಿಗೇ ಸಗಣಿ ಹಾಕಿ ಗೇಟಿನ ಕಡೆ ನಡೆದ.

ಗುರುಸಿದ್ದಯ್ಯ ಟ್ರೇಯನ್ನೂ ಬಾಳೆಹಣ್ಣಿದ್ದ ಖಾಲಿ ಜಾಗವನ್ನೂ ನೋಡಿದರು.

“ಪಾದ ಕೊಡ್ನಿಲ್ಲ. ನೀವಂದದ್ದು ಸುಳ್ಳು ಸಾ. ಸಕ್ತಿ ಸಾಯಾಕಿಲ್ಲ, ನಮ್ ಇಂಚರ ಏಳಿದ್ದೇ ಸರಿ,” ಅಂದರು. ಆಮೇಲೆ ಊರಿನ ಕಡೆ ತಿರುಗಿ ಹೇಳಿದರು. “ತನ್ನ ಪಾಲು ತಾನು ತಕ್ಕಂಡ, ಮಕ್ಳ ಪಾಲು ಬುಟ್ಟ. ಉರಿಯೋನೂ ಅವನೇ, ಬುಟ್ಟೋನೂ ಅವನೇ. ಬೇಯಿಸ್ಕೊಡ್ತೀನಿ ಅಂತ ಅವನೇ ಅಂದ್ಮ್ಯಾಲ ಬ್ಯಾಡ ಅನ್ನಾಕ ನಾವ್ಯಾರು?”

ಕೆಂಪಾಜಮ್ಮ ಎರಡನೇ ಮಾತಿಗೆ ಕಾಯದೆ ಟ್ರೇ ಎತ್ತಿಕೊಂಡು ಗುಡಿಯೊಳಗೆ, ಅಂದರೆ ಅಡುಗೆಮನೆಯೊಳಗೆ ಓಡಿದಳು. ವೃಷಭೇಂದ್ರಪ್ಪನವರು ಪೇಂಟರಿಗೆ ಫೋನು ಮಾಡಿದರು. ಯಾರೋ ಮಕ್ಕಳು ಬುಟ್ಟಿ ತಂದು ಅಂಗಳದ ಸಗಣಿಯನ್ನು ಗುಂಡಿಗೆ ಒಯ್ದರು. ಎಲ್ಲರಿಗೂ ಒಳ್ಳೆಯದಾಯಿತು. ಮೇಷ್ಟ್ರು ಮಾತ್ರ ಮಂಡಿಯೂರಿದ್ದಲ್ಲೇ ಇದ್ದರು. ನಾಚಿಕೆಯಿಂದ ಅವರ ಕಿವಿ ಸುಡುತ್ತಿತ್ತು. ತಾವು ಕೈಬಿಟ್ಟ ನಿಯಮವನ್ನು ಊರ ಬಸವ ಎತ್ತಿಹಿಡಿದಿದ್ದ, ಮೊಟ್ಟೆಯನ್ನೂ ಕೊಟ್ಟಿದ್ದ. ಅವರು ಆಡಿದ ಸುಳ್ಳು ಯಾರ ಹೊಟ್ಟೆಯನ್ನೂ ತುಂಬಿಸಿರಲಿಲ್ಲ. ಎದ್ದು ಮಣ್ಣು ಕೊಡವಿಕೊಳ್ಳುವಾಗ ಮಕ್ಕಳು ಅವರ ಪಕ್ಕದಲ್ಲೇ ಊಟಕ್ಕೆ ಸಾಲಾಗಿ ಹೋದರು. ದಿನವೂ ನಮಸ್ಕಾರ ಸಾ ಎನ್ನುತ್ತಿದ್ದವರು ಅವತ್ತು ನೆಲ ನೋಡಿಕೊಂಡು ಹೋದರು.

ಮಾರನೆಯ ದಿನ ಒಂಬತ್ತನೇ ತರಗತಿಗೆ ಹೋದಾಗ ಕಪ್ಪುಹಲಗೆಯ ಮುಂದೆ ಏನು ಮಾಡಬೇಕೋ ಅವರಿಗೆ ತೋಚಲಿಲ್ಲ. ಶಕ್ತಿಯ ನಿಯಮ ಯಾರು ಹೇಳುತ್ತೀರಿ ಎಂದು ಕೇಳಿದರು. ಇಷ್ಟು ದಿನ ಕೇಳುವ ಮೊದಲೇ ಏಳುತ್ತಿದ್ದ ಕೈಗಳು ಡೆಸ್ಕಿನ ಮೇಲೆಯೇ ಇದ್ದವು. ಕೊನೆಗೆ ಇಂಚರ ಎದ್ದು ನಿಂತಳು.

“ಯಾವ್ದು ಏಳ್ಬೇಕು ಸಾ? ಪರೀಕ್ಷೆದಾ, ನೆನ್ನೆದಾ?”

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಗದರಿ ಕೂರಿಸಬಹುದಿತ್ತು. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು, ಬನ್ನಿ ಎಂದು ಎಲ್ಲರನ್ನೂ ಬೇವಿನ ಮರದ ಹತ್ತಿರ ಕರೆದುಕೊಂಡು ಹೋದರು. ಗುಂಡು ಅಂದಿನಿಂದ ಅಲ್ಲೇ ತೂಗುತ್ತಿತ್ತು. ಮೊದಲಿನ ಹಾಗೆಯೇ ಎಳೆದುಕೊಂಡು, ಮೂಗಿಗೆ ತಾಗಿಸಿ, ಬಿಟ್ಟರು. ಗುಂಡು ಹೋಯಿತು. ಬಂತು. ಬರುವಾಗ ಅವರಿಗೆ ನಿನ್ನೆಯ ಬಿಸಿಯುಸಿರು ನೆನಪಾಯಿತೋ ಏನೋ, ಕಣ್ಣು ತಾನಾಗಿ ಮುಚ್ಚಿಕೊಂಡಿತು, ಕಾಲು ತಾನಾಗಿ ಒಂದು ಹೆಜ್ಜೆ ಹಿಂದೆ ಹೋಯಿತು. ಕಣ್ಣು ಬಿಟ್ಟಾಗ ಮಕ್ಕಳೆಲ್ಲ ಅವರ ಕಾಲನ್ನೇ ನೋಡುತ್ತಿದ್ದರು. ಒಬ್ಬರಾದರೂ ನಕ್ಕಿದ್ದರೆ ಚೆನ್ನಾಗಿತ್ತು.

ಇಂಚರ ಸಾಲಿನಿಂದ ಹೊರಗೆ ಬಂದು ಗುಂಡು ಹಿಡಿದಳು. ಬೇಡ ಎಂದು ಮೇಷ್ಟ್ರು ಕೈ ಚಾಚುವಷ್ಟರಲ್ಲಿ ಅದನ್ನು ತನ್ನ ಮೂಗಿನವರೆಗೆ ಎಳೆದುಕೊಂಡಿದ್ದಳು.

“ನೆನ್ನ ನೀವ್ ಏನ್ ಏಳುದ್ರೋ ಗುಂಡಿಗ್ ಗೊತ್ತಿಲ್ಲ ಸಾ,” ಎಂದು ಹೇಳಿ ಬಿಟ್ಟಳು.

ಗುಂಡು ಹೋಗಿ ಬರುವವರೆಗೆ ಮೇಷ್ಟ್ರ ಕೈ ಚಾಚಿದ ಹಾಗೆಯೇ ಇತ್ತು. ಇಷ್ಟು ವರ್ಷ ಕಲಿಸಿದ ನಿಯಮ ಇದೊಂದು ಸಲ ತಪ್ಪದಿರಲಿ ಎಂದು, ಯಾವ ದೇವರ ಹೆಸರು ಹಿಡಿಯಬೇಕೆಂದೂ ತೋಚದೆ ಬೇಡಿಕೊಂಡರು. ಹುಡುಗಿ ಅಲುಗಾಡಲಿಲ್ಲ. ಗುಂಡು ಅವಳ ಮೂಗಿಗೆ ಒಂದು ಬೆರಳು ದೂರದಲ್ಲಿ ನಿಂತು ಹಿಂದಿರುಗಿತು. ಅವಳು ಎರಡು ಕಣ್ಣನ್ನೂ ಬಿಟ್ಟುಕೊಂಡು ಅದು ಹೋಗುವುದನ್ನು ನೋಡಿದಳು. ಆಮೇಲೆ ಅವಳ ಪಕ್ಕದವಳು ಬಂದಳು. ಅವಳ ಹಿಂದೆ ಇನ್ನೊಬ್ಬ. ಯಾರೂ ಹೇಳದೆಯೇ ಸಾಲು ಕಟ್ಟಿ, ಊಟಕ್ಕೆ ತಟ್ಟೆ ಹಿಡಿದು ಬರುವ ಹಾಗೆ ಒಬ್ಬರಾದ ಮೇಲೆ ಒಬ್ಬರು ಬಂದು ನಿಂತು, ಬಿಟ್ಟು, ನೋಡಿ ಹೋದರು. ಅಡುಗೆಮನೆಯಿಂದ ಕೆಂಪಾಜಮ್ಮ, ಮೊಟ್ಟೆ ಬೆಂದು ಆರುತ್ತಿದೆ, ಯಾರೂ ಬರುವುದಿಲ್ಲವೇ ಎಂದು ಕೂಗಿ ಗಂಟೆ ಬಾರಿಸಿದಳು. ಒಬ್ಬರೂ ಕದಲಲಿಲ್ಲ.

ಸಾಲು ಮುಗಿಯುವ ಹೊತ್ತಿಗೆ ಅದರ ಕೊನೆಯಲ್ಲಿ ಚೌಡೇಶ್ ಮೇಷ್ಟ್ರು ನಿಂತಿದ್ದರು. ಯಾವಾಗ ಬಂದು ಸೇರಿಕೊಂಡರೋ ಯಾರೂ ನೋಡಿರಲಿಲ್ಲ. ಅವರ ಸರದಿ ಬಂದಾಗ ಗುಂಡಿಗೆ ಕೈ ಹಾಕಲಿಲ್ಲ, ಇಂಚರಳ ಕಡೆ ನೋಡಿದರು. ಅವಳು ಬಂದು, ಕಾಲ್ಬೆರಳ ಮೇಲೆ ನಿಂತು, ಎರಡು ಕೈಯಲ್ಲೂ ಗುಂಡನ್ನು ಎತ್ತಿ ಅವರ ಮೂಗಿಗೆ ತಾಗಿಸಿದಳು.

“ನೂಕಬೇಡಮ್ಮ,” ಅಂದರು ಮೇಷ್ಟ್ರು.

“ನೂಕಾಕಿಲ್ಲ ಸಾ. ನೀವು ಕಣ್ಮುಚ್ಬೇಡಿ.”

ಅವಳು ಬಿಟ್ಟಳು. ಗುಂಡು ಬೀಸಿಕೊಂಡು ಹೋಗಿ, ಅಲ್ಲಿಂದ ಅವರ ಮುಖದ ಕಡೆಗೆ ಹೊರಟಿತು. ಮೇಷ್ಟ್ರು ಕಣ್ಣು ಬಿಟ್ಟುಕೊಂಡೇ ನಿಂತರು.